ಏರಿ ಇಳಿಯುವ ಮೊದಲು

ಫರೀದಾಬಾದಿನ ಪೂರ್ವಕ್ಕೆ, ಯಮುನೆಯ ದಂಡೆಯಲ್ಲಿ, ಹಾಸನದ ಕಡೆಯವರೊಬ್ಬರು ಎರಡು ಎಕರೆ ಗುತ್ತಿಗೆಗೆ ಹಿಡಿದು ತರಕಾರಿ ಬೆಳೆಯುತ್ತಾರೆ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ನೋಡಿ ನಿವೃತ್ತರಾದವರು. ಮಕ್ಕಳೆಲ್ಲ ಇಲ್ಲೇ ಇರುವುದರಿಂದ ಊರಿಗೆ ಮರಳಲಿಲ್ಲ. ಅವರ ಹೊಲ ಇರುವುದು ಖಾದರಿನಲ್ಲಿ. ಖಾದರ್ ಅಂದರೆ ಮಳೆಗಾಲದಲ್ಲಿ ನದಿ ವಾಪಸು ಕೇಳುವ ನೆಲ. ಅದಕ್ಕಿಂತ ಎತ್ತರದಲ್ಲಿರುವ ಹಳೆಯ ಮೆಕ್ಕಲು ಬಾಂಗರ್. ನಡುವೆ ನೆರೆ ತಡೆಯಲು ಮಣ್ಣಿನ ಏರಿ ಇದೆ, ಇಲ್ಲಿಯವರ ಮಾತಿನಲ್ಲಿ ಪುಶ್ತಾ. ಊರಿನಿಂದ ಗೊಬ್ಬರ ತರಬೇಕಾದರೆ ಅದನ್ನು ಹತ್ತಿ ಇಳಿಯಲೇಬೇಕು.

ಅವರ ಟ್ರ್ಯಾಕ್ಟರ್ 24 ಅಶ್ವಶಕ್ತಿಯದು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂಥದು. ಈ ಊರಿನಲ್ಲಿ ಅಂಥದನ್ನು ಓಡಿಸಲು ಸ್ವಲ್ಪ ಧೈರ್ಯ ಬೇಕು. ಫರೀದಾಬಾದೆಂದರೆ ಟ್ರ್ಯಾಕ್ಟರಿನ ತವರು. 1959ರಲ್ಲಿ ಐಷರ್ ಇಲ್ಲಿಯೇ ತನ್ನ ಮೊದಲ ಟ್ರ್ಯಾಕ್ಟರ್ ತಯಾರಿಸಿತು. ಎಸ್ಕಾರ್ಟ್ಸ್ ಕಾರ್ಖಾನೆಯೂ ಇಲ್ಲಿಯದೇ. 2022ರಿಂದ ಅದರ ಹೆಸರಿಗೆ ಜಪಾನಿನ ಕುಬೋಟಾ ಸೇರಿಕೊಂಡಿದೆ. ಆದರೂ ಹರಿಯಾಣದ ರೈತನಿಗೆ ಟ್ರ್ಯಾಕ್ಟರ್ ಅಂದರೆ ಎದೆಯೆತ್ತರದ ಹಿಂಚಕ್ರದ ದೊಡ್ಡ ಗಾಡಿ. ಪಕ್ಕದ ಹೊಲದವರು ಇವರದನ್ನು ಕಂಡು "ಬಾಬೂಜಿ, ಇದು ಮಗುವೋ ಟ್ರ್ಯಾಕ್ಟರೋ?" ಎಂದು ಕೇಳಿದ್ದರಂತೆ.

ಮೊದಲ ವರ್ಷ ಅವರು ನಾಲ್ಕು ಚಕ್ರದ ಲಿವರನ್ನು ಹಾಕಿದವರು ತೆಗೆಯಲೇ ಇಲ್ಲ. ದುಡ್ಡು ಕೊಟ್ಟಿದ್ದೇವೆ, ಇರಲಿ ಅಂತ. ಡಾಂಬರು ರಸ್ತೆಯಲ್ಲೂ ಹಾಗೇ ಓಡಿಸಿದರು. ವರ್ಷ ತುಂಬುವುದರೊಳಗೆ ಮುಂದಿನ ಟೈರುಗಳ ಹಲ್ಲು ಸವೆದವು, ಲಿವರ್ ಕಚ್ಚಿಕೊಂಡು ಹಿಂದಕ್ಕೆ ಬಾರದಾಯಿತು. ಮೆಕ್ಯಾನಿಕ್ ಬಂದವನು ಏನೂ ಬಿಚ್ಚಲಿಲ್ಲ. ನಾಲ್ಕು ಅಡಿ ಹಿಂದಕ್ಕೆ ಓಡಿಸಿದ, ಲಿವರ್ ತಾನೇ ಸಡಿಲಾಯಿತು. ಮುಂಚಕ್ರ ಸಣ್ಣದು, ಹಿಂಚಕ್ರ ದೊಡ್ಡದು. ಎರಡನ್ನೂ ಗೇರಿನಿಂದ ಬಿಗಿದಾಗ ಮುಂದಿನದು ಕೊಂಚ ಹೆಚ್ಚೇ ಉರುಳುವಂತೆ ಲೆಕ್ಕ ಹಾಕಿರುತ್ತಾರೆ. ತಿರುವಿನಲ್ಲಂತೂ ಮುಂಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕಬೇಕು. ಕೆಸರಿನಲ್ಲಿ ಈ ವ್ಯತ್ಯಾಸವೆಲ್ಲ ಜಾರಿ ಕಳೆದುಹೋಗುತ್ತದೆ. ಡಾಂಬರಿನಲ್ಲಿ ಜಾರಲು ಜಾಗವಿಲ್ಲ, ಹಾಗಾಗಿ ಬಿಗಿತವೆಲ್ಲ ಗೇರಿನೊಳಗೆ ಹುರಿಗಟ್ಟುತ್ತದೆ.

2023ರ ಜುಲೈ 13ರಂದು ದೆಹಲಿಯ ಹಳೆಯ ರೈಲುಸೇತುವೆಯ ಬಳಿ ಯಮುನೆ 208.66 ಮೀಟರಿಗೆ ಏರಿತು. 1978ರ ದಾಖಲೆಯೂ ಮುರಿಯಿತು. ಇವರ ಬೆಂಡೆಯೂ ಸೋರೆಯೂ ನೀರಿನಡಿ ಹೋದವು. ಇಳಿದ ಮೇಲೆ ಉಳಿದದ್ದು ಹಿಟ್ಟಿನಂಥ ಹೂಳು, ಮೇಲೆ ಒಣಗಿದ ಹಪ್ಪಳ, ಕೆಳಗೆ ಪಾಯಸ. ಪಕ್ಕದ ಹೊಲದ ದೊಡ್ಡ ಗಾಡಿ ಅದರಲ್ಲಿ ಅಚ್ಚಿನವರೆಗೆ ಹೂತಿತು. ಇವರದು ದಾಟಿತು. ಲಿವರನ್ನು ಹೊಲಕ್ಕೆ ಇಳಿಯುವ ಮುಂಚೆಯೇ ಹಾಕಿದ್ದು ಮುಖ್ಯವಾಯಿತು. ಚಕ್ರ ತಿರುಗಿ ಗುಂಡಿ ತೋಡಿಕೊಂಡ ಮೇಲೆ ಹಾಕಿದರೆ ನಾಲ್ಕೂ ಸೇರಿ ಗುಂಡಿಯನ್ನೇ ಆಳ ಮಾಡುತ್ತವೆ. ಆ ವಾರ ಯಾರೂ ಮಗು ಅನ್ನಲಿಲ್ಲ.

ಇಷ್ಟಾದ ಮೇಲೆ ಅವರಿಗೆ ಲಿವರಿನ ವಿದ್ಯೆ ಪೂರ್ತಿ ಬಂದಂತೆ ಅನ್ನಿಸಿತ್ತು. ಕೆಸರಿದ್ದರೆ ಹಾಕು, ರಸ್ತೆಗೆ ಬಂದರೆ ತೆಗಿ.

ಚಳಿಗಾಲಕ್ಕೆ ಸಕಲೇಶಪುರದಿಂದ ಅವರ ಅಕ್ಕನ ಮಗ ಬಂದ. ಒಂದು ಬೆಳಿಗ್ಗೆ ಗೊಬ್ಬರದ ಟ್ರಾಲಿ ಕಟ್ಟಿಕೊಂಡು ಅವನೇ ಓಡಿಸಿದ, ಇವರು ಹಿಂದೆ ನಡೆದು ಬರುತ್ತಿದ್ದರು. ಏರಿಯ ಮೇಲೆ ಒಣ ಮಣ್ಣು, ಕೆಸರಿನ ಹನಿಯಿಲ್ಲ. ಲಿವರ್ ಹಾಕಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಅರ್ಧ ಇಳಿಯುವಷ್ಟರಲ್ಲಿ ಹಿಂದಿನ ಭಾರ ನೂಕತೊಡಗಿತು. ಹುಡುಗ ಬ್ರೇಕು ಒತ್ತಿದ. ಇಂಥ ಬಹುಪಾಲು ಗಾಡಿಗಳಲ್ಲಿ ಬ್ರೇಕು ಹಿಂಚಕ್ರಕ್ಕೆ ಮಾತ್ರ. ಹೊಲದ ಟ್ರಾಲಿಗಳಿಗೆ ಹೆಚ್ಚಾಗಿ ಅದೂ ಇಲ್ಲ. ಇಳಿಜಾರಿನಲ್ಲಿ ತೂಕ ಮುಂದಕ್ಕೆ ವಾಲಿ ಹಿಂಚಕ್ರ ಹಗುರಾಗಿತ್ತು. ಅದು ತಿರುಗುವುದನ್ನು ನಿಲ್ಲಿಸಿ ಪುಡಿಮಣ್ಣಿನ ಮೇಲೆ ಜಾರಿತು. ಆಗ ಅವನಿಗೆ ಲಿವರ್ ನೆನಪಾಯಿತು. ಅದನ್ನು ಎಳೆಯಲು ಕ್ಲಚ್ ತುಳಿದ. ಎಂಜಿನ್ನಿನ ಹಿಡಿತ ಅಷ್ಟಿಷ್ಟು ಇದ್ದದ್ದೂ ಹೋಯಿತು.

"ಮಾವಾ!" ಅಂದದ್ದು ಮಾತ್ರ ಕೇಳಿಸಿತಂತೆ.

ಅವನು ಸ್ಟೇರಿಂಗನ್ನು ಪಕ್ಕದ ಜೊಂಡಿನೊಳಕ್ಕೆ ತಿರುಗಿಸಿದ. ಟ್ರಾಲಿ ಅಡ್ಡ ತಿರುಗಿ, ಅದರ ಕಬ್ಬಿಣದ ಮೂಲೆ ಸೀಟಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಇವರು ಓಡಿ ಬಂದು ಮೊದಲು ಕೀಲಿ ತೆಗೆದರು, ಆಮೇಲೆ ಹುಡುಗನ ಕೈಕಾಲು ಮುಟ್ಟಿ ನೋಡಿದರು. ಏನೂ ಆಗಿರಲಿಲ್ಲ. ಸಂಜೆ ಅಕ್ಕನಿಗೆ ಫೋನು ಮಾಡಿದಾಗ ಈ ವಿಷಯ ಎತ್ತಲಿಲ್ಲ.

ಅದೇ ಮೆಕ್ಯಾನಿಕ್ ಮತ್ತೆ ಬಂದ. ಕೆಸರಿನ ಪಾಠ ಹೇಳಿದವನು ಇಳಿಜಾರಿನದನ್ನು ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, "ಬಾಬೂಜಿ, ಇಲ್ಲಿ ಇಳಿಜಾರು ಎಲ್ಲಿದೆ?" ಅಂದ. ಅವನದೂ ತಪ್ಪಲ್ಲ. ಕಣ್ಣು ಹಾಯಿಸಿದಷ್ಟೂ ತಟ್ಟೆಯಂಥ ನೆಲದಲ್ಲಿ ಇರುವ ಒಂದೇ ಇಳಿಜಾರು ಆ ಏರಿ. ನಾಲ್ಕೂ ಚಕ್ರ ಗೇರಿನಿಂದ ಕೂಡಿಕೊಂಡಿದ್ದರೆ ಹಿಂದಿನದಕ್ಕೆ ಒತ್ತಿದ ಬ್ರೇಕು ಮುಂದಿನದನ್ನೂ ಹಿಡಿಯುತ್ತದೆ, ಕೆಳಗಿನ ಗೇರಿನಲ್ಲಿರುವ ಎಂಜಿನ್ನೂ ನಾಲ್ಕನ್ನೂ ತಡೆಯುತ್ತದೆ. ಎಳೆಯುವುದಕ್ಕೆ ಅಂದುಕೊಂಡಿದ್ದ ಲಿವರ್ ನಿಲ್ಲಿಸುವುದಕ್ಕೂ ಇತ್ತು.

ಈಗ ಗೊಬ್ಬರ ತರುವ ದಿನ ಗಾಡಿ ಏರಿಯ ನೆತ್ತಿಯಲ್ಲಿ ಪೂರ್ತಿ ನಿಲ್ಲುತ್ತದೆ. ಅವರು ಚಕ್ರ ನೇರ ಮಾಡುತ್ತಾರೆ, ಲಿವರ್ ಹಾಕುತ್ತಾರೆ, ಎರಡು ಬ್ರೇಕು ಪೆಡಲುಗಳನ್ನು ಕೊಂಡಿಯಿಂದ ಒಂದು ಮಾಡುತ್ತಾರೆ, ಮೊದಲನೇ ಗೇರಿಗೆ ತರುತ್ತಾರೆ. ಹಿಂದೆ ಕಬ್ಬಿನ ಟ್ರಾಲಿಯವರು ಹಾರ್ನ್ ಹೊಡೆಯುತ್ತಾರೆ. ಹೊಡೆದುಕೊಳ್ಳಲಿ ಅಂತ ಅವರು ತಿರುಗಿಯೂ ನೋಡುವುದಿಲ್ಲ.