ಕಂದು ಹೇಗಿರುತ್ತೆ?

1980ರ ದಶಕದಲ್ಲಿ ನಾನು ಕೆರೆ ನೀರಿನ ಅಧ್ಯಯನಕ್ಕೆ ಇಳಿದಾಗ ಹೆಗಲ ಚೀಲದಲ್ಲಿ ಇರುತ್ತಿದ್ದದ್ದು 300 ಮಿ.ಲೀ. ಹಿಡಿಯುವ ಗಾಜಿನ ಬಾಟಲಿಗಳು. ಬಾಟಲಿಯನ್ನು ನೀರೊಳಗೇ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ಬಿರಡೆ ಹಾಕಬೇಕು. ದಡಕ್ಕೆ ಬಂದು ಮ್ಯಾಂಗನೀಸ್ ಸಲ್ಫೇಟ್, ಅದರ ಬೆನ್ನಿಗೆ ಕ್ಷಾರ ಬೆರೆತ ಅಯೋಡೈಡ್ ಹಾಕಿ ಅಲುಗಿಸಿದರೆ ಬಾಟಲಿಯ ತುಂಬ ಕಂದು ಮೋಡ ಕವಿಯುತ್ತಿತ್ತು. ನೀರಿನಲ್ಲಿ ಆಮ್ಲಜನಕ ಕರಗಿದೆ ಎಂದರ್ಥ. ಇಲ್ಲದಿದ್ದರೆ ಮೋಡ ಬೆಳ್ಳಗೇ ಉಳಿಯುತ್ತದೆ. 1888ರಲ್ಲಿ ಹಂಗೇರಿಯ ವಿಂಕ್ಲರ್ ಹೇಳಿಕೊಟ್ಟ ವಿಧಾನ ಅದು.

ಒಂದು ಹಳ್ಳಿಯ ಕೆರೆಯ ನೀರುಗಂಟಿ ನನ್ನ ಕೆಲಸವನ್ನು ತೂಬಿನ ಮೇಲೆ ಕೂತು ನೋಡುತ್ತಿದ್ದರು. "ಮಧ್ಯಾಹ್ನ ಬಂದ್ರೆ ಏನು ಗೊತ್ತಾಗುತ್ತೆ ಸ್ವಾಮಿ? ಕೋಳಿ ಕೂಗೋ ಹೊತ್ತಿಗೆ ಬನ್ನಿ. ಮೀನು ಬಾಯಿ ಮೇಲೆತ್ತಿದ್ರೆ ಕೆರೆಗೆ ಉಸಿರು ಕಟ್ಟಿದೆ ಅಂತ ಲೆಕ್ಕ" ಅಂದರು. ಎಷ್ಟು ನಿಜ! ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೂ ಉಸಿರಾಡುತ್ತದೆ. ಅಂದಿನಿಂದ ನಾನು ನಸುಕಿನಲ್ಲೇ ನೀರು ತುಂಬಿದೆ.

ಅವರ ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ಬಾಗಿನ ಹಿಡಿದು ಬರುತ್ತಿತ್ತು. ಬೆಳ್ಳಂದೂರು, ವರ್ತೂರುಗಳಲ್ಲಿ ಕೋಡಿ ಅಂದರೆ ನೊರೆ ಅನ್ನುವ ಕಾಲವನ್ನೂ ನಾನೇ ನೋಡಬೇಕಾಯಿತು. ನಗರದ ಬಚ್ಚಲ ನೀರಿನ ಸೋಪು ಕೆಸರಿನಲ್ಲಿ ಕೂತಿರುತ್ತದೆ. ಮಳೆ ಬಂದು ಕೆಸರು ಕದಡಿ, ನೀರು ಕೋಡಿಯಿಂದ ಧುಮುಕಿದಾಗ ನೊರೆ ಉಕ್ಕಿ ರಸ್ತೆಗೆ ಹಾರುತ್ತದೆ. ಅದೇ ನೀರಿನ ರಂಜಕ ಉಂಡು ಕತ್ತೆಕಿವಿ ಗಿಡ ಕೆರೆ ಮುಚ್ಚುತ್ತದೆ; ಸತ್ತು ಕೊಳೆಯುತ್ತ ಇದ್ದಬದ್ದ ಆಮ್ಲಜನಕವನ್ನೂ ತಿನ್ನುತ್ತದೆ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. ಕೆರೆಯ ಮೇಲೆ ಹೊಗೆ ಏಳುವುದನ್ನು ಕಂಡು ನನಗೆ ಮಾತೇ ಹೊರಡಲಿಲ್ಲ.

ಈಗ ಮೀಟರು ಬಂದಿದೆ, ಕಡ್ಡಿ ಅದ್ದಿದರೆ ಅಂಕಿ ಬರುತ್ತದೆ. ಒಳ್ಳೆಯದೇ; ದಿನಕ್ಕೆ ಹತ್ತು ಕೆರೆ ನೋಡಬಹುದು. ಆದರೂ ನನ್ನ ಜೊತೆ ಬರುವ ಹುಡುಗರಿಗೆ ಒಮ್ಮೆಯಾದರೂ ಬಾಟಲಿ ಹಿಡಿಸುತ್ತೇನೆ. ಕಣ್ಣಾರೆ ಕಂಡದ್ದು ಮರೆಯುವುದಿಲ್ಲ. ವರ್ತೂರಿನ ಕೋಡಿಯ ಹತ್ತಿರ ಒಬ್ಬಳು ಬಾಟಲಿ ಅಲುಗಿಸಿದಳು. ಬೆಳ್ಳಗೆ ಮೋಡ ಇಳಿಯಿತು. ಇನ್ನೊಂದು ತುಂಬಿದಳು, ಅದೂ ಬಿಳಿ.

"ಸಾರ್, ಕಂದು ಹೇಗಿರುತ್ತೆ?" ಎಂದಳು.

ಲ್ಯಾಬಿಗೆ ಕರೆದುಕೊಂಡು ಬಂದು, ನಲ್ಲಿಯಲ್ಲಿ ಬಂದ ಕಾವೇರಿ ನೀರು ತುಂಬಿಸಿ ತೋರಿಸಿದೆ.