ಕೈ ಸುತ್ತಿದ ಕಾಯಿಲ್, ಹಳದಿ ಉಂಗುರ

ರೇಡಿಯೋ ರಿಪೇರಿಯವರು ಬಿಸಿಯನ್ನು ಬೆರಳಿನಲ್ಲೇ ಅಳೆಯುತ್ತಾರೆ. ಯಾವುದು ಎಷ್ಟು ಕಾಯಬಹುದು ಎಂಬುದು ಅವರಿಗೆ ಮುಟ್ಟಿದರೆ ಗೊತ್ತಾಗುತ್ತದೆ. ಸೊರಬದಲ್ಲಿ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ಅಂಥವರು. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಗರಗರ ಇಲ್ಲದೆ ಕೇಳಿಸಿದರೆ ರೇಡಿಯೋ ರಿಪೇರಿಯಾಯಿತೆಂದು ಅವರ ಲೆಕ್ಕ.

ಹವ್ಯಾಸಿ ರೇಡಿಯೋ ಪರವಾನಗಿ ಸಿಕ್ಕ ಮೇಲೆ ಶಿಕಾರಿಪುರದ ಮನೆಯಲ್ಲಿ ನಾನು 7 ಮೆಗಾಹರ್ಟ್ಸ್‌ಗೆ 5 ವಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಕಟ್ಟಿದೆ. ಅದರ ಫಿಲ್ಟರಿನ ಕಾಯಿಲುಗಳನ್ನು ಮಾವನೇ ಸುತ್ತಿ ಕಳಿಸಿದ್ದರು. ಮೀಟರಿನಲ್ಲಿ ಇಂಡಕ್ಟೆನ್ಸ್ ಸರಿಯಾಗಿತ್ತು. ಆದರೆ ಡಮ್ಮಿ ಲೋಡಿಗೆ ಅರ್ಧ ನಿಮಿಷ ಓಡಿಸಿ, ಸ್ವಿಚ್ ಆರಿಸಿ ಮುಟ್ಟಿದರೆ ಬೆರಳು ಇಡಲಾಗುತ್ತಿರಲಿಲ್ಲ.

"ಕಣ್ಣು ಮಂಜಾಗಿದೆ ಮಾರಾಯ, ಸುತ್ತು ಎಲ್ಲೋ ಒಂದಕ್ಕೊಂದು ತಾಗಿರಬೇಕು. ಇನ್ನು ನನ್ನ ಕೈ ನಂಬಬೇಡ" ಎಂದರು ಫೋನಿನಲ್ಲಿ. ಆ ಮಾತು ಕೇಳಿ ಸುಮ್ಮನಿರಲಾಗಲಿಲ್ಲ. ಶಿರಾಳಕೊಪ್ಪದ ಮೇಲೆ ಹಾಯ್ದು ಸೊರಬಕ್ಕೆ ಹೋದೆ.

ಅನುಮಾನ ಎರಡರ ಮೇಲಿತ್ತು. ಒಂದು, ತಂತಿ. ಹೆಚ್ಚಿನ ಆವರ್ತನದಲ್ಲಿ ವಿದ್ಯುತ್ ತಾಮ್ರದ ಒಳಗೆ ಹರಿಯದೆ ಮೇಲ್ಮೈಗೆ ಅಂಟಿಕೊಳ್ಳುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಆ ಪದರ ಸುಮಾರು 0.025 ಮಿಲಿಮೀಟರ್ ಅಷ್ಟೆ. ತಂತಿ ತೀರಾ ತೆಳುವಾದರೆ, ಸುತ್ತುಗಳು ತೀರಾ ಒತ್ತಾದರೆ ಕಾಯುತ್ತದೆ. ಇನ್ನೊಂದು, ಒಳಗಿನ ಉಂಗುರ. ಕಾಂತತೆ ಸೆಕೆಂಡಿಗೆ ಲಕ್ಷಾಂತರ ಸಲ ದಿಕ್ಕು ಬದಲಿಸುವಾಗ ಉಂಗುರವೇ ಶಕ್ತಿ ತಿನ್ನಬಹುದು.

ಎರಡನ್ನೂ ಬೇರ್ಪಡಿಸಲು ಸುಲಭದ ದಾರಿ, ಉಂಗುರವನ್ನೇ ಬಿಡುವುದು. 20 ಮಿಲಿಮೀಟರಿನ ಪ್ಲಾಸ್ಟಿಕ್ ಪೈಪಿನ ಮೇಲೆ ಮಾವ ಅದೇ ತಂತಿಯನ್ನು ಒಂಬತ್ತು ಸುತ್ತು ಸುತ್ತಿದರು. ಇಂಡಕ್ಟೆನ್ಸ್ ಹೆಚ್ಚುಕಡಿಮೆ ಅಷ್ಟೇ ಬಂತು. ಅರ್ಧ ನಿಮಿಷ ಓಡಿಸಿದೆವು, ತಣ್ಣಗಿತ್ತು.

ಉಂಗುರ ಹಳದಿ ಬಣ್ಣದ್ದು, ಒಂದು ಮುಖ ಬಿಳಿ. ಹಳೇ ಕಂಪ್ಯೂಟರಿನ ಪವರ್ ಸಪ್ಲೈಯಿಂದ ಬಿಚ್ಚಿದ್ದು. ಡಿ.ಸಿ.ಯನ್ನು ನಯಗೊಳಿಸುವ ಕೆಲಸಕ್ಕೆ ಅದು ಒಳ್ಳೆಯದೇ. 7 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಕಾಯುತ್ತದೆ. ರೇಡಿಯೋಗೆಂದೇ ಮಾಡಿದ ಉಂಗುರವೂ ಹಳದಿಯೇ, ಬಿಳಿ ಮುಖವಿಲ್ಲ. ಮೀಟರು ಅಳೆಯುವುದು ಕಡಿಮೆ ಆವರ್ತನದಲ್ಲಾದ್ದರಿಂದ ಈ ನಷ್ಟ ಅದಕ್ಕೆ ಕಾಣುವುದೇ ಇಲ್ಲ.

ಸೊರಬ ಗಂಧದ ಕೆತ್ತನೆಯ ಗುಡಿಗಾರರ ಊರು. ಉಳಿ ಎಷ್ಟೇ ಚೂಪಾಗಿರಲಿ, ಮರ ಸರಿಯಿಲ್ಲದಿದ್ದರೆ ಕೆತ್ತನೆ ನಿಲ್ಲದು ಎನ್ನುವುದು ಇಲ್ಲಿ ಯಾರಿಗೂ ಹೇಳಿಕೊಡಬೇಕಾದ್ದಲ್ಲ. ಮಾವ ಉಂಗುರವನ್ನು ತಿರುಗಿಸಿ ಬಿಳಿ ಮುಖ ನೋಡಿದರು. ಆಮೇಲೆ ಕನ್ನಡಕ ಒರೆಸಿಕೊಂಡು, "ಸರಿಯಾದ ಉಂಗುರ ತರಿಸು. ಎಷ್ಟು ಬೇಕೋ ಅಷ್ಟು ಸುತ್ತಿಕೊಡ್ತೀನಿ" ಎಂದರು.