ಹಳೆಯ ದೋಣಿಯ ಜೀರ್ಣೋದ್ಧಾರ

ಚೋಳಮಂಡಲ ತೀರದ ಬೆಸ್ತರು ಹಗುರವಾದ ಕೆಲವು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು, ಅದನ್ನೇರಿ ಕಡಲಿಗಿಳಿಯುತ್ತಿದ್ದರು. ಕಟ್ಟಿದ ಮರವಾದುದರಿಂದ ತಮಿಳಿನಲ್ಲಿ ಅದಕ್ಕೆ ಕಟ್ಟುಮರವೆಂದೇ ಹೆಸರು. ದಡ ಸೇರಿದ ಮೇಲೆ ಹಗ್ಗವನ್ನು ಬಿಚ್ಚಿ, ದಿಮ್ಮಿಗಳನ್ನು ಮರಳಿನ ಮೇಲೆ ಒಣಹಾಕುವುದು ಅವರ ವಾಡಿಕೆ. ನೀರು ಕುಡಿದ ಮರ ಭಾರವಾಗುವುದೆಂಬುದನ್ನು ಅವರು ಯಾವ ಗ್ರಂಥದಿಂದಲೂ ಕಲಿಯಬೇಕಾಗಿರಲಿಲ್ಲ.

ಆ ಹೆಸರು ಇಂಗ್ಲಿಷರ ಬಾಯಲ್ಲಿ ಕಟಮರನ್ ಎಂದಾಗಿ, ಕಾಲಾಂತರದಲ್ಲಿ ಬೇರೊಂದು ಬಗೆಯ ನಾವೆಗೆ, ಎಂದರೆ ಎರಡು ಒಡಲುಗಳನ್ನು ಅಡ್ಡತೊಲೆಗಳಿಂದ ಜೋಡಿಸಿದ ಹಾಯಿದೋಣಿಗೆ ಸಂದಿತು. ಥೇಮ್ಸ್ ನದೀಮುಖದ ಕ್ಯಾನ್ವೆ ದ್ವೀಪದಲ್ಲಿ ರೋಲೆಂಡ್ ಪ್ರೌಟ್ ಮತ್ತು ಫ್ರಾನ್ಸಿಸ್ ಪ್ರೌಟ್ ಎಂಬ ಸಹೋದರರು ಎರಡು ಕಯಾಕುಗಳನ್ನು ಜೋಡಿಸಿ ಪರೀಕ್ಷೆಗೆ ತೊಡಗಿ, 1950ರ ದಶಕದಲ್ಲಿ ಇಂತಹ ದೋಣಿಗಳಿಗೆ ಹೆಸರಾದರು. ಮುಂದೆ ಮರದ ಸ್ಥಾನಕ್ಕೆ ಫೈಬರ್‌ಗ್ಲಾಸ್ ಬಂದಿತು. ಗಾಜಿನ ನಾರನ್ನು ಅಚ್ಚಿನೊಳಗೆ ಪದರಪದರವಾಗಿ ಹಾಸಿ, ಕೃತಕ ರಾಳದಲ್ಲಿ ತೋಯಿಸಿ ಗಟ್ಟಿಗೊಳಿಸಿದರೆ ಒಡಲು ಸಿದ್ಧ. ಅದರ ಹೊರಮೈಗೆ ಜೆಲ್‌ಕೋಟ್ ಎಂಬ ಹೊಳಪಿನ ತೆಳುಲೇಪ. ಇದು ಕೊಳೆಯದು, ತುಕ್ಕು ಹಿಡಿಯದು, ಹುಳು ಕೊರೆಯದು. ಇನ್ನು ದೋಣಿಗೆ ಮುಪ್ಪಿಲ್ಲವೆಂದೇ ಅನೇಕರು ಭಾವಿಸಿದರು.

ಆದರೆ ನೀರಿಗೆ ಅವಸರವಿಲ್ಲ. ವರ್ಷಗಟ್ಟಲೆ ತೇಲುತ್ತಲೇ ನಿಂತ ದೋಣಿಯಲ್ಲಿ ಅದು ಕಣ್ಣಿಗೆ ಕಾಣದಂತೆ ಲೇಪವನ್ನು ಹಾದು, ರಾಳದಲ್ಲಿ ಕರಗಬಲ್ಲ ಅಂಶಗಳೊಡನೆ ಕೂಡಿ ಆಮ್ಲದ್ರವವಾಗುವುದು. ಆ ದ್ರವವು ಹೊರಗಿನ ನೀರನ್ನು ಮತ್ತಷ್ಟು ಸೆಳೆಯಲು, ಒಳಗೆ ಒತ್ತಡ ಹೆಚ್ಚಿ ತಳದ ಮೇಲೆ ಬೊಕ್ಕೆಗಳೇಳುವುವು. ಈ ವ್ಯಾಧಿಗೆ ಆಸ್ಮೋಸಿಸ್ ಎಂದು ಹೆಸರು. ಬೊಕ್ಕೆಯನ್ನು ಚುಚ್ಚಿದರೆ ಹುಳಿವಾಸನೆಯ ಹನಿ ಚಿಮ್ಮುವುದು.

ಇಂತಹ ಹಳೆಯ ದೋಣಿಯನ್ನು ಕಡಮೆ ಬೆಲೆಗೆ ಕೊಂಡು, ಎಸೆಕ್ಸ್ ತೀರದಲ್ಲಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿಕೊಂಡಿರುವ ನಿವೃತ್ತ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನ ಮುಂದಿರುವುದು ಎರಡೇ ದಾರಿ. ಬೊಕ್ಕೆಗಳಿಗೆ ಮೆತ್ತೆ ತುಂಬಿ ಬಣ್ಣ ಬಳಿದರೆ ಈ ಬೇಸಗೆಯಲ್ಲಿಯೇ ಹಾಯಿ ಬಿಚ್ಚಬಹುದು. ಆದರೆ ಹೊರಗೆ ಥಳಕು, ಒಳಗೆ ಹುಳುಕು. ಪೂರ್ಣ ಚಿಕಿತ್ಸೆ ಮಾಡಿದರೆ ಬೇಸಗೆ ಕೈಬಿಟ್ಟಿತು. ಅವನ ವಯಸ್ಸಿನವರಿಗೆ ಬೇಸಗೆಗಳು ಎಣಿಕೆಯವು.

ಪೂರ್ಣ ಚಿಕಿತ್ಸೆಯ ಮೊದಲ ಕೆಲಸ ತಟ್ಟಿ ನೋಡುವುದು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟುವಂತೆ, ಸಣ್ಣ ಸುತ್ತಿಗೆಯಿಂದ ಒಡಲುದ್ದಕ್ಕೂ ತಟ್ಟುತ್ತ ಹೋಗಬೇಕು. ಗಟ್ಟಿಯಾದೆಡೆ ಖಣಿಲೆನ್ನುವುದು, ಪದರ ಬಿಟ್ಟೆಡೆ ಸದ್ದು ಮಂಕಾಗುವುದು. ಬಳಿಕ ಕೆಟ್ಟ ಲೇಪವನ್ನೆಲ್ಲ ಉಜ್ಜಿ ತೆಗೆಯಬೇಕು. ಗಾಜಿನ ಪುಡಿ ಚರ್ಮಕ್ಕೆ ತುರಿಕೆ, ಶ್ವಾಸಕ್ಕೆ ಕೇಡು. ಆದುದರಿಂದ ಮುಖವಾಡವಿಲ್ಲದೆ ಕೈಹಾಕುವಂತಿಲ್ಲ. ಒಡಲು ಎರಡಾದುದರಿಂದ ಶ್ರಮವೂ ಇಮ್ಮಡಿ. ಒಂದನ್ನು ಗುಣಪಡಿಸಿ ಮತ್ತೊಂದನ್ನು ಮರೆಯುವಂತಿಲ್ಲ, ಏಕೆಂದರೆ ಕಡಲಿನಲ್ಲಿ ಒಂದರ ಭಾರವನ್ನು ಇನ್ನೊಂದು ಹೊರಬೇಕು.

ಅನಂತರ ಸಿಹಿನೀರಿನಿಂದ ಮತ್ತೆ ಮತ್ತೆ ತೊಳೆದು ಆಮ್ಲವನ್ನು ಹೊರಡಿಸಿ, ಒಣಗಲು ಬಿಡಬೇಕು. ಇದೇ ಎಲ್ಲಕ್ಕಿಂತಲೂ ಕಷ್ಟ. ಇಲ್ಲಿ ಕೈಗೆ ಕೆಲಸವೇ ಇಲ್ಲ. ತೇವಮಾಪಕವನ್ನು ತಳಕ್ಕೊತ್ತಿ, ನೀರು ಮುಟ್ಟದ ಮೇಲ್ಭಾಗದ ಅಂಕದೊಡನೆ ಹೋಲಿಸುತ್ತ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆಯುವುವು. ಇತರರ ಹಾಯಿಗಳು ಅವನ ಕಣ್ಣೆದುರಿನಲ್ಲಿಯೇ ಇಳಿತದೊಡನೆ ಕಡಲಿಗೆ ಸಾಗುವುವು. ಅವಸರಪಟ್ಟು ತೇವದ ಮೇಲೆ ಲೇಪ ಹಚ್ಚಿದರೆ ವ್ಯಾಧಿಯನ್ನು ಒಳಗಿಟ್ಟು ಬಾಗಿಲು ಮುಚ್ಚಿದಂತೆ.

ಒಣಗಿದ ಮೇಲಿನ ಕೆಲಸ ಬೇಗ ಸಾಗುವುದು. ತೂತು ಬಿದ್ದೆಡೆ ಅಂಚನ್ನು ಒಡಲಿನ ದಪ್ಪದ ಸುಮಾರು 12ರಷ್ಟು ಅಗಲಕ್ಕೆ ಇಳಿಜಾರಾಗಿ ಸವೆಸಿ, ಗಾಜಿನ ಬಟ್ಟೆಯ ತುಂಡುಗಳನ್ನು ಎಪಾಕ್ಸಿ ರಾಳದಿಂದ ಕೂಡಿಸುವರು. ರಾಳ ಮತ್ತು ಗಟ್ಟಿಕಾರಕಗಳ ಅಳತೆ ತಪ್ಪಬಾರದು. ಒಮ್ಮೆಲೇ ಹೆಚ್ಚು ಕಲಸಿಟ್ಟರೆ ಪಾತ್ರೆಯಲ್ಲಿಯೇ ಕಾಯ್ದು ಹೊಗೆಯಾಡುವುದು. ಕಡೆಗೆ ನೀರು ತಡೆಯುವ ಲೇಪವನ್ನು ಹಲವು ಸಲ ಹಚ್ಚಿದರೆ ಮುಗಿಯಿತು.

2004ರ ಡಿಸೆಂಬರ್ 26ರ ಸುನಾಮಿಯ ತರುವಾಯ ಚೋಳಮಂಡಲ ತೀರಕ್ಕೂ ಫೈಬರ್‌ಗ್ಲಾಸ್ ದೋಣಿಗಳು ಹೇರಳವಾಗಿ ಬಂದು, ಕಟ್ಟುಮರ ಮತ್ತಷ್ಟು ವಿರಳವಾಯಿತು. ಹಗ್ಗ ಬಿಚ್ಚಿ ಮರವನ್ನು ಬಿಸಿಲಿಗೆ ಹಾಕುತ್ತಿದ್ದ ಬೆಸ್ತನಿಗೆ ಒಣಗಿಸುವುದು ದುಡಿಮೆಯ ಒಂದು ಭಾಗವೇ ಆಗಿದ್ದಿತು. ಎಸೆಕ್ಸಿನ ಗೃಹಸ್ಥನು ದೋಣಿಯ ಹಿಂದಿನ ಒಡೆಯರೆಲ್ಲ ಉಳಿಸಿಹೋದ ಆ ಬಾಕಿಯನ್ನು ತನ್ನ ಒಂದು ಬೇಸಗೆಯನ್ನು ತೆತ್ತು ತೀರಿಸುತ್ತಾನೆ. ಮುಂದಿನ ಬೇಸಗೆಯಲ್ಲಿ ಅವನು ಕಡಲಿಗಿಳಿದಾಗ, ಕಾಲ ಕೆಳಗಿನ ಒಡಲು ಹೇಗಿದೆಯೆಂಬ ಶಂಕೆ ಅವನನ್ನು ಬಾಧಿಸದು.